ಫೈಲಪ್ಪನ ಅರ್ಧ ದಿನದ ರಜೆ

ಫೈಲಪ್ಪನ ದವಡೆ ಹಲ್ಲು ಹುಳುಕಾದದ್ದು ಆ ಲಿಫ್ಟ್ ಕಾರ್ಖಾನೆಯ ಚರಿತ್ರೆಯಲ್ಲೇ ಅತ್ಯಂತ ಗಂಭೀರವಾದ ಘಟನೆ. ಹನ್ನೊಂದು ವರ್ಷಗಳಲ್ಲಿ ಒಂದು ದಿನವೂ ರಜೆ ಹಾಕದ ಗುಮಾಸ್ತ, ಹಲ್ಲು ಕೀಳಿಸಲು ಅರ್ಧ ದಿನದ ಅರ್ಜಿ ಬರೆದ. ರಜೆ ಹೋಗುವವರು ಮೇಜಿನ ಬೀಗದ ಕೈ ಒಪ್ಪಿಸಿ ಹೋಗಬೇಕೆಂಬುದು ಅಲ್ಲಿಯ ನಿಯಮ. ಒಪ್ಪಿಸಿದ.

ಮಧ್ಯಾಹ್ನ ದವಡೆಯಲ್ಲಿ ಹತ್ತಿ ಕಚ್ಚಿಕೊಂಡು ವಾಪಸಾದಾಗ ಡೈರೆಕ್ಟರ್ ಅವನನ್ನು ಕೋಣೆಗೆ ಕರೆದು ಬಾಗಿಲು ಹಾಕಿದ. ಮೊದಲ ಏಟು ಹತ್ತಿ ಇದ್ದ ಕೆನ್ನೆಗೇ ಬಿತ್ತು.

"ಇದು ನಿನ್ನ ಡ್ರಾಯರಲ್ಲಿತ್ತು." ಡೈರೆಕ್ಟರ್ ಒಂದು ಹಾಳೆಯನ್ನು ಅವನ ಮುಖದ ಮುಂದೆ ಹಿಡಿದ. "ಯಾಕೋ ಇಟ್ಕೊಂಡಿದ್ದೆ?"

"ಕಾಗದ ಬಿಸಾಡೋ ಅಭ್ಯಾಸ ಇಲ್ಲ ಸಾರ್."

ನಿಜ. ಹೋದ ವರ್ಷದ ಕ್ಯಾಲೆಂಡರಿಗೂ ಫೈಲು ಮಾಡಿಡುವ ಮನುಷ್ಯ. ಹೆಸರು ಅಂಟಿಕೊಂಡದ್ದೇ ಹಾಗೆ.

ಹಿಂದಿನ ವಾರ ಒಂದು ಲಿಫ್ಟಿನ ಉಕ್ಕಿನ ಹಗ್ಗ ಹರಿದು, ಎಂಟು ಮಹಡಿ ಕೆಳಗೆ ಬಿದ್ದು, ಡೈರೆಕ್ಟರನ ತಮ್ಮ ಸತ್ತಿದ್ದ. ಹಗ್ಗವನ್ನು ಯಾರೂ ಪರೀಕ್ಷಿಸಿರಲಿಲ್ಲ. ಪರೀಕ್ಷಿಸಿದೆ ಎಂಬ ಪ್ರಮಾಣಪತ್ರ ಮಾತ್ರ ಇತ್ತು. ಕೆಳಗೆ ಡೈರೆಕ್ಟರನ ಸಹಿ. ತಮ್ಮ ಅರ್ಧ ಪಾಲುದಾರ. ಇನ್ನು ಕಾರ್ಖಾನೆ ಪೂರ್ತಿ ಅಣ್ಣನದೇ. ಕ್ಯಾಂಟೀನಿನಲ್ಲಿ ಚಹಾ ಆರುವ ಮೊದಲೇ ತೀರ್ಪು ಹೊರಬಿದ್ದಿತ್ತು.

"ಸಂಜೆ ಪೊಲೀಸರು ಬರ್ತಾರೆ. ಇದು ಅವರ ಕೈಗೆ ಸಿಕ್ಕರೆ ಏನಾಗುತ್ತೆ ಗೊತ್ತೇನೋ?"

"ಸುಳ್ಳು ಪ್ರಮಾಣಪತ್ರಕ್ಕೆ ಏಳು ವರ್ಷ ಸಾರ್. ಜೀವ ಹೋಗಿದ್ದಕ್ಕೆ ಮೇಲೆ ಹತ್ತು. ಓದ್ಕೊಂಡಿದೀನಿ."

ಎರಡನೆಯ ಏಟಿಗೆ ಫೈಲಪ್ಪ ಕಬ್ಬಿಣದ ಬೀರುವಿಗೆ ಬಡಿದು ಕುಸಿದ. ಮೂರನೆಯದು ಬೂಟಿನದು, ಪಕ್ಕೆಗೆ. ಒಳಗೆ ಏನೋ ಲಟಕ್ಕೆಂದಿತು.

ಫೈಲಪ್ಪ ರಕ್ತದ ಜೊತೆ ಎರಡು ಹಲ್ಲು ಉಗುಳಿದ. ಹಾಳೆಯ ಕಡೆ ಒಮ್ಮೆ ನೋಡಿದ. ಆಮೇಲೆ ಮೆಲ್ಲಗೆ, ಹವಾಮಾನ ವಿಚಾರಿಸುವವನಂತೆ ಕೇಳಿದ: "ತಮ್ಮ ಹೋಗಿದ್ದರಿಂದ ನಿಮಗೆ ಲಾಭವೇ ಆಯ್ತಲ್ಲ ಸಾರ್?"

"ಮುಚ್ಚೋ ಬಾಯಿ!"

ಕೈಯಲ್ಲಿದ್ದುದನ್ನೇ ಮುದುರಿ ಡೈರೆಕ್ಟರ್ ಅವನ ಬಾಯಿಗೆ ತುರುಕಿದ.

ಸದ್ದಿಗೆ ಓಡಿಬಂದ ಟೈಪಿಸ್ಟ್ ಬಾಗಿಲು ತಳ್ಳಿದಳು. ಕಂಡದ್ದಿಷ್ಟು: ಡೈರೆಕ್ಟರ್ ಗುಮಾಸ್ತನ ಎದೆಯ ಮೇಲೆ ಕೂತಿದ್ದಾನೆ, ಎರಡು ಬೆರಳು ಗಂಟಲಿನವರೆಗೆ ತೂರಿವೆ, ತುಟಿಯಂಚಿನಲ್ಲಿ ಕಾಗದದ ಚೂರು. ಫೈಲಪ್ಪ ಉಳಿದ ಹಲ್ಲುಗಳಿಂದ ಬೆರಳು ಕಚ್ಚಿದ, ಮೂಳೆ ಕಾಣುವಷ್ಟು. ಬೆರಳು ಹೊರಬಂದವು. ಫೈಲಪ್ಪ ನುಂಗಿದ.

"ಅಯ್ಯಯ್ಯೋ, ಸಾಯಿಸ್ತಿದಾರೆ, ಯಾರಾದ್ರೂ ಬನ್ರೋ!" ಟೈಪಿಸ್ಟ್ ಕಿರುಚಿದಳು.

ನ್ಯಾಯಾಲಯದಲ್ಲಿ ಟೈಪಿಸ್ಟ್ ತಡವರಿಸಲಿಲ್ಲ. "ಸಾಕ್ಷಿ ಕಾಗದವನ್ನ ಇವರೇ ಆತನಿಗೆ ತಿನ್ನಿಸ್ತಿದ್ರು ಸ್ವಾಮಿ. ನಾನೇ ಕಣ್ಣಾರೆ ಕಂಡೆ." ತನ್ನ ಬೆರಳುಗಳು ಕಾಗದವನ್ನು ಹೊರಗೆಳೆಯುತ್ತಿದ್ದವು ಎಂದ ಡೈರೆಕ್ಟರ್. ನ್ಯಾಯಾಧೀಶರೊಬ್ಬರನ್ನು ಬಿಟ್ಟು ಎಲ್ಲರೂ ನಕ್ಕರು. ಆ ಕಾಗದದಲ್ಲಿ ಏನಿತ್ತೆಂದು ಅವನು ಹೇಳಿದ್ದನ್ನೂ ಯಾರೂ ನಂಬಲಿಲ್ಲ. ಒಟ್ಟು ಹದಿನೇಳು ವರ್ಷ. ಫೈಲಪ್ಪ ಓದಿಕೊಂಡದ್ದು ಸರಿಯಾಗಿಯೇ ಇತ್ತು.

ಅವನ ಪಕ್ಕೆಲುಬುಗಳು ಎರಡು ತಿಂಗಳಲ್ಲಿ ಕೂಡಿಕೊಂಡವು. ಹೊಸ ಹಲ್ಲಿನ ಸೆಟ್ಟನ್ನು ಹರಿದ ಆ ಹಗ್ಗವನ್ನು ಕಾರ್ಖಾನೆಗೆ ಮಾರಿದ್ದ ವ್ಯಾಪಾರಿ ಕೊಡಿಸಿದ.

ಆ ಹಾಳೆಯಲ್ಲಿ ಫೈಲಪ್ಪ ಡೈರೆಕ್ಟರನ ಸಹಿಯನ್ನು ನಲವತ್ತು ಸಲ ಬರೆದು ಕಲಿತಿದ್ದ. ಮೊದಲ ಒಂಬತ್ತು ಚೆನ್ನಾಗಿ ಬಂದಿರಲಿಲ್ಲ.