ಕೈ ಕಟ್ಟಿ ಕೂತ ಮಧ್ಯಾಹ್ನ

ಅವ್ವನನ್ನು ಮಣ್ಣು ಮಾಡಿ ಬಂದ ಮೇಲೆ ಎಷ್ಟು ತೊಳೆದರೂ ಕೈಯಿಂದ ಎರೆಮಣ್ಣಿನ ವಾಸನೆ ಹೋಗುತ್ತಿಲ್ಲ, ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ನಾನು ಸಣ್ಣವಳಿದ್ದಾಗ ಸಾಲಗುಂದದ ಅಂಗನವಾಡಿಯಲ್ಲಿ ಅವ್ವ ಟೀಚರ್ ಆಗಿದ್ದಳು; ನಾನೂ ಅಲ್ಲಿಗೇ ಹೋಗುತ್ತಿದ್ದೆ. ಮಕ್ಕಳು ಆಡುತ್ತಲೇ ಕಲಿಯಬೇಕು ಎಂದು ತರಬೇತಿಯಲ್ಲಿ ಕೇಳಿ ಬಂದು, ಒಂದು ಮಧ್ಯಾಹ್ನ ಬರೆಯುವ ಪಾಟಿಗಳನ್ನು ಬದಿಗಿಟ್ಟು, ಕಾಲುವೆ ದಂಡೆಯ ಎರೆಮಣ್ಣನ್ನು ಮೆತ್ತಗೆ ಕಲಸಿ ಕೊಟ್ಟಿದ್ದಳು. ನಾನು ಅದರಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಪಕ್ಕದಲ್ಲಿ ಕೂತ ಹುಡುಗ ಬಸ್ಯಾ ಅವನ್ನು ದೊಡ್ಡದು, ಸಣ್ಣದು ಎಂದು ಸಾಲಾಗಿ ಜೋಡಿಸುತ್ತಿದ್ದ.

ಅಷ್ಟರಲ್ಲಿ ಬಸ್ಯಾನ ಅಜ್ಜಿ ಬಾಗಿಲಲ್ಲಿ ಬಂದು ನಿಂತಳು.

“ಏನ್ರಿ ಟೀಚರ್, ಮಣ್ಣಾಗ ಆಡಾಕ ಇಲ್ಲಿತನ ಯಾಕ ಕಳಸ್ಬೇಕು? ನಾಳಿಂದ ಕಾನ್ವೆಂಟ್ ವ್ಯಾನಿಗೆ ಹತ್ತಸ್ತೀವಿ. ನಡಿಲೇ ಬಸ್ಯಾ!”

“ಆಡಿದ್ರನ ಕಲಿತಾವ್ರಿ ಅಮ್ಮಾ.”

“ನಮ್ಮನಿ ಕರುನೂ ದಿನಾ ಜಿಗದಾಡ್ತೈತಿ. ಅದೇನು ಡಾಕ್ಟರ್ ಆತೇನ್ರಿ?”

ಆಗಲೇ ಅರ್ಧ ಮಕ್ಕಳು ಆ ವ್ಯಾನು ಹತ್ತಿದ್ದರು. ಬಸ್ಯಾನೂ ಹೋದರೆ ಉಳಿದವರೂ ಹೊರಡುತ್ತಿದ್ದರು. ಅವ್ವ ನಮ್ಮತ್ತ ತಿರುಗಿ, ಎಂದೂ ಆಡದ ಮಾತು ಆಡಿದಳು.

“ಎಲ್ಲಾರೂ ಕೈ ಕಟ್ರಿ. ಬಾಯಿ ಮ್ಯಾಲ ಬಟ್ಟು ಇಡ್ರಿ.”

ನಾವು ಗೋಡೆಗೆ ಸಾಲಾಗಿ ಕೂತೆವು. ಅಜ್ಜಿಯ ಮುಖ ಅರಳಿತು.

“ಹಾಂ, ಈಗ ನೋಡ್ರಿ, ಸಾಲಿ ಅಂದ್ರ ಇದು!” ಎಂದು ಬಸ್ಯಾನನ್ನು ಬಿಟ್ಟು ಹೋದಳು.

ಅವಳು ಮರೆಯಾದ ಮೇಲೆ ಅವ್ವ, “ಆತು, ಆಡ್ರಿನ್ನ” ಎಂದಳು. ಯಾರೂ ಏಳಲಿಲ್ಲ. ಅವಳೇ ನೆಲಕ್ಕೆ ಕೂತು, ಒಂದು ಮಣ್ಣಿನ ರೊಟ್ಟಿ ಬಡಿದು, “ಯಾರಿಗೆ ಹಸಿವಾಗೈತಿ?” ಎಂದು ಕೇಳಿದಳು.

ನಾನು ಅವಳ ಮಗಳು. ನಾನೂ ಬಾಯಿ ಮೇಲಿನ ಬೆರಳು ತೆಗೆಯಲಿಲ್ಲ.