ಕೈಗೆ ಕೊಟ್ಟ ಉಪ್ಪು

ನುಸ್ರತ್ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ತುಂಗಾ ಉಪ್ಪಿನ ಪೊಟ್ಟಣವನ್ನು ಅದಕ್ಕೆ ಕೊಡದೆ, ತಮ್ಮ ಹೋಟೆಲಿನ ಟೇಬಲ್ಲಿನ ಮೇಲಿಟ್ಟು ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡಿದ್ದಳು.

"ನೀನೂನಾ ದೀದಿ?" ಎಂದಳು ಕರಾಚಿಯ ನುಸ್ರತ್. "ನನ್ನ ಕೈ ಮುಟ್ಟುವುದಕ್ಕೂ ಬೇಡವಾಯಿತಾ?"

ಕಾಶ್ಮೀರದಲ್ಲಿ ಉಗ್ರರು ಪ್ರವಾಸಿಗರನ್ನು ಗುಂಡಿಟ್ಟು ಕೊಂದ ದಿನದಿಂದ ಈ ಹೆಂಗಸನ್ನು ಕಂಡು ಎಷ್ಟು ಜನ ಮುಖ ತಿರುಗಿಸಿಲ್ಲ! ಅವತ್ತು ಟಿವಿಯ ಮುಂದೆ ಇಬ್ಬರೂ ಒಟ್ಟಿಗೇ ಕೂತು ಅತ್ತಿದ್ದರು, ಕೊಂದವರಿಗೆ ಹಿಡಿಶಾಪ ಹಾಕಿದ್ದರು. ಆಮೇಲೆ ಪಾಕಿಸ್ತಾನದವರ ವೀಸಾ ರದ್ದಾಯಿತು. ನುಸ್ರತ್‌ಳ ಮಗಳು ಮಹರೀನ್‌ಗೆ ಇಲ್ಲಿನ ಆಸ್ಪತ್ರೆಯಲ್ಲಿ ಹೃದಯದ ಕವಾಟ ಬದಲಿಸಬೇಕಿದ್ದುದು ಮುಂದಿನ ವಾರ. ಆ ಆಪರೇಷನ್ ಇಲ್ಲದೆಯೇ ಈಗ ಹೊರಟಿದ್ದಾರೆ. ಹೊರಗೆ ಟ್ಯಾಕ್ಸಿಯಲ್ಲಿ ಹುಡುಗಿ ಕಿಟಕಿಗೆ ತಲೆ ಆನಿಸಿ ಕೂತಿದ್ದಾಳೆ. ಅವಳಿಗೆ ಉಪ್ಪು ಕೂಡದೆಂದು ತುಂಗಾ ಬುತ್ತಿಯ ಮೊಸರನ್ನವನ್ನು ಸಪ್ಪೆಯಾಗಿ ಕಲಸಿ, ತಾಯಿಗೆಂದು ಉಪ್ಪನ್ನು ಬೇರೆ ಕಟ್ಟಿದ್ದಳು.

"ಅಯ್ಯೋ ದೇವರೇ, ಹಾಗಲ್ಲ ಮಾರಾಯ್ತಿ!" ತನ್ನ ಹರಕು ಹಿಂದಿಯಲ್ಲಿ ತಡವರಿಸಿದಳು ತುಂಗಾ. "ನಮ್ಮಲ್ಲಿ ಉಪ್ಪನ್ನು ಕೈಯಿಂದ ಕೈಗೆ ಕೊಡುವ ಕ್ರಮ ಇಲ್ಲ. ಕೆಳಗಿಡುದು, ಅವರು ತಗೊಳ್ಳುದು. ಕೈಗೆ ಕೊಟ್ರೆ ಜಗಳ ಆಗ್ತದಂತೆ. ಸಣ್ಣದಿರುವಾಗಿಂದ ಅಭ್ಯಾಸ, ಕೈ ತನ್ನಷ್ಟಕ್ಕೇ ಹಾಗೆ ಮಾಡಿತು."

ನುಸ್ರತ್ ಕಣ್ಣೊರೆಸಿಕೊಂಡಳು. "ಹಾಗಾದರೆ ಅವತ್ತು ನಾನು ಕೊಟ್ಟದ್ದು?"

ಮರೆಯುವುದುಂಟೇ! ಏಳು ವರ್ಷದ ಹಿಂದೆ, ತುಟಿ ನೀಲಿಗಟ್ಟಿದ ಕೂಸನ್ನು ಎತ್ತಿಕೊಂಡು ನುಸ್ರತ್ ಅಣ್ಣಾ ನಗರದ ಈ ಹೋಟೆಲಿನ ಮಾಳಿಗೆಗೆ ಬಂದದ್ದು. ಮೊದಲ ಆಪರೇಷನ್ ಮುಗಿದು ಹುಷಾರಾಗುವ ತನಕ ತಾಯಿ ಮಗಳು ಇಲ್ಲೇ ಇದ್ದರು. ಎಂಥ ದಿನಗಳವು! ಸಂಜೆ ತಮಿಳು ಸೀರಿಯಲ್ಲಿನ ಅತ್ತೆಯ ಕಿತಾಪತಿಯನ್ನೆಲ್ಲ ತುಂಗಾ ಹಿಂದಿಯಲ್ಲಿ ವಿವರಿಸುವುದು, ಅವಳ ಹಿಂದಿ ಕೇಳಿ ನುಸ್ರತ್ ಹೊಟ್ಟೆ ಹಿಡಿದುಕೊಂಡು ನಗುವುದು. ಮಹರೀನ್ ಅಂತೂ ಗಲ್ಲಾದ ಮೇಲೆ ಕೂತು, ತುಂಗಾಳ ಗಂಡ ಮಧ್ವರಾಜನ ಕೈಯಿಂದಲೇ ತುಪ್ಪದ ಇಡ್ಲಿ ತಿನ್ನಬೇಕು, ಬೇರೆಯವರು ಕೊಟ್ಟರೆ ಥೂ ಎಂದು ಉಗಿಯುವಳು. ಮಕ್ಕಳಿಲ್ಲದ ಆ ಗಂಡಹೆಂಡಿರಿಗೆ ಅದೊಂದು ಹಬ್ಬ.

ಊರಿಗೆ ಹೊರಟ ದಿನ, ಅವರನ್ನು ಕರೆದೊಯ್ಯಲು ನುಸ್ರತ್‌ಳ ಗಂಡ ಕರಾಚಿಯಿಂದ ಬರುವಾಗ ತಂದಿದ್ದ ಗುಲಾಬಿ ಬಣ್ಣದ ಉಪ್ಪಿನ ಗಟ್ಟಿಯೊಂದನ್ನು ಅವಳು ತುಂಗಾಳ ಕೈಗಿಟ್ಟಳು. ಕಣ್ಣು ಮಂಜಾಗಿದ್ದ ತುಂಗಾ ಕ್ರಮವನ್ನೆಲ್ಲ ಮರೆತು ಎರಡೂ ಕೈಯಲ್ಲಿ ತೆಗೆದುಕೊಂಡುಬಿಟ್ಟಳು. "ಹೋಯ್ತು, ಇನ್ನು ನಿಮಗಿಬ್ಬರಿಗೂ ಜಗಳ ಗ್ಯಾರಂಟಿ" ಎಂದು ಮಧ್ವರಾಜ ಕನ್ನಡದಲ್ಲಿ ನಕ್ಕಿದ್ದ. ಆ ಗಟ್ಟಿ ಈಗಲೂ ಅಡಿಗೆಮನೆಯ ಭರಣಿಯಲ್ಲಿದೆ. ಬಳಸಲು ಮನಸ್ಸೇ ಬಂದಿಲ್ಲ.

"ಹೌದು, ಅವತ್ತು ಕೈಗೇ ತಗೊಂಡೆ" ಎಂದಳು ತುಂಗಾ.

"ಮತ್ತೆ ನಾವು ಯಾವಾಗ ಜಗಳ ಆಡಿದೆವು ದೀದಿ?"

ತುಂಗಾ ನೆನಪು ಕೆದಕಿದಳು. ವಾರಕ್ಕೊಂದು ಫೋನು, ಈದ್‌ಗೆ, ದೀಪಾವಳಿಗೆ ವೀಡಿಯೋ. ಒಂದು ಬಿರುಸು ಮಾತು ನೆನಪಿಗೆ ಬಂದರೆ ಕೇಳಿ.

ಹೊರಗೆ ಹಾರ್ನ್ ಕಿರುಚಿತು. ಮಧ್ವರಾಜ ಟ್ಯಾಕ್ಸಿಯ ಬಳಿಯಿಂದ ಒಳಗೆ ಬಂದ. ಅವನ ಕಣ್ಣೂ ಕೆಂಪಾಗಿತ್ತು. "ತುಂಗಾ, ಬಿಡು ಇನ್ನು. ವಿಮಾನಕ್ಕೆ ಹೊತ್ತಾಯ್ತು. ದಾರಿ ಬೇರೆ ಉದ್ದ ಉಂಟು ಅವರಿಗೆ."

ನುಸ್ರತ್ ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡಳು. ಉಪ್ಪಿನ ಪೊಟ್ಟಣ ಮಾತ್ರ ಟೇಬಲ್ಲಿನ ಮೇಲೆಯೇ ಇತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಮತ್ತೆ ಅಂಗೈ ಚಾಚಿದಳು.

"ಕೈಗೇ ಕೊಡು. ಜಗಳ ಆಗುವುದಾದರೆ ಆಗಲಿ. ಜಗಳ ಆಡಬೇಕೆಂದರೂ ನಾನು ಇಲ್ಲಿಗೆ ಬರಲೇಬೇಕಲ್ಲ?"

ತುಂಗಾ ಪೊಟ್ಟಣವನ್ನು ಆ ಅಂಗೈಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ತನ್ನ ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು.

"ಬೇಗ ಬಾ ಮತ್ತೆ, ಜಗಳಕ್ಕೆ" ಎಂದಳು. "ಬರುವಾಗ ಮಗುವನ್ನೂ ಕರಕೊಂಡೇ ಬಾ."