ಹರಿಗೋಲಿನ ಮುಂದ್ಗಡೆ

"ಗಂಡಿನ ಕಡೆಯೋರು ನಾವು, ಮುಂದ್ಗಡೆ ಕೂರ್ತೀವಿ," ಎಂದು ಶಾಂತಮಲ್ಲಪ್ಪ ಮಾಲಿನಿಯನ್ನು ಎಬ್ಬಿಸಿ ಅವಳ ಜಾಗದಲ್ಲಿ ಕೂತರು. ಮಗಳನ್ನು ಪಕ್ಕಕ್ಕೆ ಎಳೆದುಕೊಂಡ ಸುವರ್ಣಮ್ಮ ಹರಿಗೋಲನ್ನೊಮ್ಮೆ ನೋಡಿದಳು. ಬುಟ್ಟಿಯಂತೆ ದುಂಡಗಿದ್ದ ಅದಕ್ಕೆ ಮುಂದೂ ಇರಲಿಲ್ಲ, ಹಿಂದೂ ಇರಲಿಲ್ಲ. ನಾಳೆ ಕೊಳ್ಳೇಗಾಲದಲ್ಲಿ ವೀಳ್ಯಶಾಸ್ತ್ರ. ಅಷ್ಟರಲ್ಲಿ ಭರಚುಕ್ಕಿಯ ಕೆಳಗಿನ ನಡುಗಡ್ಡೆಯನ್ನು ಸುತ್ತಿಸೋಣವೆಂದು ಬೀಗರಾಗುವವರನ್ನು ಕರೆತಂದವಳು ಅವಳೇ.

ನೀರು ಎಳೆದತ್ತ ಹರಿಗೋಲು ಮೆಲ್ಲಗೆ ತಿರುಗಿತು. ನಡುಗಡ್ಡೆಯ ಬಂಡೆ, ಮರಗಳೆಲ್ಲ ಶಾಂತಮಲ್ಲಪ್ಪನವರ ಬೆನ್ನ ಹಿಂದಕ್ಕೆ ಹೋದವು. ಅವರು ಎದ್ದು, ಮಾಲಿನಿಯನ್ನು ಏಳಿಸಿ, ಮತ್ತೆ ಮುಂದ್ಗಡೆ ಹಿಡಿದರು. ಹರಿಗೋಲು ಇನ್ನಷ್ಟು ತಿರುಗಿತು, ಮತ್ತೆ ಏಳಿಸಿದರು. ಗಂಡು ಮಹಾಶಯನೂ ಅಪ್ಪ ಎದ್ದಾಗ ಎದ್ದು, ಕೂತಾಗ ಕೂತ.

"ಏಳಬ್ಯಾಡಿ ಸಾ, ಮಗುಚ್ಕತದೆ," ಎಂದು ಹುಟ್ಟು ಹಾಕುತ್ತಿದ್ದವನು ಬೇಡಿಕೊಂಡ.

"ರಾಮೇಶ್ವರದ ಸಮುದ್ರ ನೋಡ್ಬಂದೋನು ನಾನು. ನಿಂಗೆ ನೆಟ್ಟಗೆ ನಡ್ಸಕ್ಕೆ ಬರಲ್ವೇನ್ಲಾ?" ಎಂದು ಶಾಂತಮಲ್ಲಪ್ಪ ಗದರಿದರು.

"ಬರಲ್ವೇನ್ಲಾ?" ಎಂದ ಮಗ.

ಇಂಥ ಅಪ್ಪನಿಗೆ ಇಂಥ ಬಾಲ ಎಂದುಕೊಂಡಳು ಸುವರ್ಣಮ್ಮ. ನಗು ಇನ್ನೇನು ತುಟಿಗೆ ಬರಬೇಕು, ಅಷ್ಟರಲ್ಲಿ ಹರಿಗೋಲು ಮತ್ತೆ ತಿರುಗಿತು. ಈ ಸಲ ಯಾರೂ ಹೇಳಲಿಲ್ಲ; ಮಾಲಿನಿ ತಲೆ ತಗ್ಗಿಸಿಕೊಂಡು ತಾನಾಗಿಯೇ ಏಳತೊಡಗಿದಳು.

ಸುವರ್ಣಮ್ಮ ಮಗಳ ರಟ್ಟೆ ಹಿಡಿದು ಕೂರಿಸಿದಳು.

"ದಡಕ್ಕೆ ಬುಡಪ್ಪ," ಎಂದಳು ಹುಟ್ಟಿನವನಿಗೆ. "ಇವ್ರು ಮುಂದ್ಗಡೆಯಿಂದ ಇಳ್ಕಳ್ಳಿ. ನಾವು ಹಿಂದ್ಗಡೆಯಿಂದ ಇಳ್ದು ಮನೆಗೆ ಓಯ್ತೀವಿ. ನಾಳೆ ವೀಳ್ಯ ಇಲ್ಲ."